ಬೊಂಬೆಗಳ ಪುನರ್ಜನ್ಮ

ಬೊಂಬೆಯು ಮಕ್ಕಳ ಸೊತ್ತು, ದೊಡ್ಡವರಿಗೆ ಅದರಿಂದೇನು ಎಂದು ಕೇಳುವವರುಂಟು. ನವರಾತ್ರಿ ಬಂದರೆ ಪಟ್ಟದ ಬೊಂಬೆಗಳನ್ನು ಪೆಟ್ಟಿಗೆಯಿಂದ ತೆಗೆದು, ಧೂಳೊರಸಿ, ಸೀರೆ ಉಡಿಸಿ ಕೂರಿಸುವವರು ನಮ್ಮ ಮನೆಗಳ ಹಿರಿಯರೇ ಎಂಬುದನ್ನು ಅವರು ಮರೆತಿರುತ್ತಾರೆ. ಆದರೂ ಈಗಿನ ಕಾಲದ ಒಂದು ಹವ್ಯಾಸವು ಮೊದಲು ಕೇಳಿದವರಿಗೆ ಸೋಜಿಗವಾಗಿಯೇ ತೋರುವುದು. ಬಾಲ್ಯದಲ್ಲಿ ತಾವು ಆಡಿದ ಪ್ಲಾಸ್ಟಿಕ್ ವೀರರನ್ನು ಕಾರ್ಖಾನೆಯವರು ಹೊಸದಾಗಿ ಎರಕಹೊಯ್ದು ಮಾರುತ್ತಿರಲು, ನಡುವಯಸ್ಸಿನ ಗೃಹಸ್ಥರು ಅವನ್ನು ಒಂದೊಂದಾಗಿ ಕೊಂಡು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸುತ್ತಾರೆ. ಅಮೆರಿಕದಲ್ಲಿ ಪ್ರಬಲವಾಗಿರುವ ಈ ಹವ್ಯಾಸವು ನಮ್ಮ ದೇಶಕ್ಕೂ ಬಂದಿದೆ. ನನ್ನ ಮನೆಯನ್ನೂ ಹೊಕ್ಕಿದೆ.

ಈ ವೀರರ ವಂಶಾವಳಿಯು ಬಹಳ ದೀರ್ಘವಾದುದಲ್ಲ. 1964ರಲ್ಲಿ ಹ್ಯಾಸ್‌ಬ್ರೋ ಎಂಬ ಅಮೆರಿಕದ ಸಂಸ್ಥೆಯವರು ಜಿ. ಐ. ಜೋ ಎಂಬ, ಸುಮಾರು 12 ಅಂಗುಲದ ಸಿಪಾಯಿಯನ್ನು ಹೊರತಂದರು. ಉಡುಪು ತೊಡಿಸಿ ಬಿಚ್ಚಬಹುದಾದ ಆ ಪ್ರತಿಮೆಯು ಬೊಂಬೆಯಲ್ಲದೆ ಮತ್ತೇನು? ಆದರೆ ಬೊಂಬೆಯೆಂದರೆ ಹುಡುಗರು ಮುಟ್ಟಲಾರರೆಂಬ ಶಂಕೆಯಿಂದ ಅದಕ್ಕೆ ‘ಆ್ಯಕ್ಷನ್ ಫಿಗರ್’ ಎಂದು ನಾಮಕರಣವಾಯಿತು. 1977ರಲ್ಲಿ ‘ಸ್ಟಾರ್ ವಾರ್ಸ್’ ಚಲನಚಿತ್ರವು ಬಂದಾಗ, ಕೆನ್ನರ್ ಸಂಸ್ಥೆಯವರಿಗೆ ಕ್ರಿಸ್ಮಸ್ ಹಬ್ಬದೊಳಗೆ ಬೊಂಬೆಗಳನ್ನು ಒದಗಿಸಲಾಗಲಿಲ್ಲ. ಅವನ್ನು ಮುಂದೆ ಕಳುಹಿಸುವೆವೆಂಬ ಪತ್ರವನ್ನೇ ಮಾರಿದರು. ಮಕ್ಕಳು ಅದನ್ನು ಕೈಯಲ್ಲಿ ಹಿಡಿದು ಮರುವರ್ಷದವರೆಗೆ ಕಾದರು. 1982ರಲ್ಲಿ ಜಿ. ಐ. ಜೋ ಮೂರೂಮುಕ್ಕಾಲು ಅಂಗುಲಕ್ಕೆ ಕುಗ್ಗಿ ಎರಡನೆಯ ಜನ್ಮವೆತ್ತಿದನು. ಅದೇ ವರ್ಷ ಮ್ಯಾಟೆಲ್ ಸಂಸ್ಥೆಯ ಹೀ-ಮ್ಯಾನ್ ಐದೂವರೆ ಅಂಗುಲದ ಜಟ್ಟಿಯಾಗಿ ಅವತರಿಸಿದನು.

ನಮ್ಮ ದೇಶದಲ್ಲಿ, ಎಂ. ಆರ್. ಎಫ್. ಸಂಸ್ಥೆಯು ಹ್ಯಾಸ್‌ಬ್ರೋದೊಡನೆ ಕೂಡಿ ಆರಂಭಿಸಿದ ಫನ್‌ಸ್ಕೂಲ್‌ನವರು ಈ ಸಿಪಾಯಿಗಳನ್ನು ಇಲ್ಲಿಯೇ ತಯಾರಿಸಿ ಮಾರಿದರು. ಅಮೆರಿಕದ ಮೂಲದಲ್ಲಿಲ್ಲದ ವಿಚಿತ್ರ ಬಣ್ಣಗಳನ್ನು ಇವರಲ್ಲಿ ಕೆಲವರಿಗೆ ಬಳಿದಿದ್ದರು. ಆ ವೈಚಿತ್ರ್ಯಕ್ಕಾಗಿಯೇ ಇಂದು ಅಮೆರಿಕದ ಸಂಗ್ರಾಹಕರು ಅವನ್ನು ಹುಡುಕಿ ಕೊಳ್ಳುತ್ತಾರೆ.

ಹಳೆಯ ಬೊಂಬೆಗಳಿಗೆ ಮುಪ್ಪು ಬೇಗ ಬರುವುದು. ಬಿಳಿಯ ಪ್ಲಾಸ್ಟಿಕ್ಕು ಹಳದಿಯಾಗುವುದು. ಸಿಪಾಯಿಯ ಎದೆಯನ್ನೂ ಕಾಲುಗಳನ್ನೂ ಒಳಗಿನಿಂದ ಕೂಡಿಸಿ ಹಿಡಿದಿರುವ ರಬ್ಬರ್ ಬಳೆಯು ಒಣಗಿ ತುಂಡಾಗುವುದು. ಆದಕಾರಣ ಹೊಸ ಅವತಾರಗಳು ಬಂದುವು. 2008ರಲ್ಲಿ ಹೀ-ಮ್ಯಾನ್ ಸುಮಾರು 7 ಅಂಗುಲದವನಾಗಿ, ಪ್ರೌಢ ಸಂಗ್ರಾಹಕರಿಗಾಗಿಯೇ ಮರಳಿ ಬಂದನು. 2020ರಲ್ಲಿ ಅವನೇ ಹಳೆಯ ಅಳತೆಗೆ ಹಿಂದಿರುಗಿದನು. ರೂಪ ಹಳೆಯದು, ಕೀಲುಗಳು ಮಾತ್ರ ಹೆಚ್ಚು. ಅದೇ ವರ್ಷ ಜಿ. ಐ. ಜೋ ಬಳಗವು 6 ಅಂಗುಲದ ಪ್ರಮಾಣದಲ್ಲಿ ಮತ್ತೆ ಹುಟ್ಟಿತು. ಶಿಥಿಲವಾದ ಬಿಂಬವನ್ನು ತೆಗೆದು ಅದೇ ಲಕ್ಷಣದ ಹೊಸ ಬಿಂಬವನ್ನು ಪ್ರತಿಷ್ಠಾಪಿಸುವ ಜೀರ್ಣೋದ್ಧಾರವನ್ನು ಬಲ್ಲ ನಮಗೆ ಇದು ತೀರ ಅಪರಿಚಿತವಾದ ಭಾವನೆಯಲ್ಲ.

ಕಪ್ಪುಡುಗೆಯ, ಮಾತೇ ಆಡದ ಸ್ನೇಕ್ ಐಸ್ ಎಂಬ ಸಿಪಾಯಿಯೊಬ್ಬನು ನನ್ನ ಮಗನ ಬಾಲ್ಯದ ಸಂಗಾತಿ. ಉಪಾಧ್ಯಾಯನ ಸಂಬಳದಲ್ಲಿ ವರ್ಷಕ್ಕೊಂದು ಬೊಂಬೆ ತರುವುದೇ ಹೆಚ್ಚಾಗಿತ್ತು. ಅದರ ಬಳೆ ಹರಿದಾಗ ಬೆನ್ನಿನ ತಿರುಪನ್ನು ಬಿಚ್ಚಿ ಒಂದು ರಬ್ಬರ್ ಬ್ಯಾಂಡನ್ನು ಒಳಗಿಟ್ಟು ಕೊಟ್ಟಿದ್ದೆನು. ಈಗ ಅದೇ ಸಿಪಾಯಿಯ ಹೊಸ ರೂಪವನ್ನು ಮಗನು ಕೊಂಡು ತಂದು, ಎರಡನ್ನೂ ಜೊತೆಯಲ್ಲಿಟ್ಟು ತೋರಿಸಿದನು. ಹಳೆಯದಕ್ಕೆ ಬೆರಳುಗಳೆಲ್ಲ ಒಂದೇ ಮುದ್ದೆ. ಹೊಸದಕ್ಕೆ ಉಡುಪಿನ ಹೊಲಿಗೆಯೂ ಕಾಣುವುದು. “ಈ ಹೊಸದು ಹಳೆಯದರಂತೆ ಇಲ್ಲವಲ್ಲಪ್ಪ” ಎಂದೆನು. “ಆಗ ನನ್ನ ಕಣ್ಣಿಗೆ ಹಳೆಯದು ಹೀಗೆಯೇ ಕಾಣುತ್ತಿತ್ತಪ್ಪ” ಎಂದನು. ಈ ಹವ್ಯಾಸದ ರಹಸ್ಯವೆಲ್ಲ ಆ ಒಂದು ಮಾತಿನಲ್ಲಿದೆಯೆಂದು ನನಗೆ ತೋರಿತು. ಶಿಲ್ಪಿಯು ಹಳೆಯ ಆಟಿಕೆಯ ಪಡಿಯಚ್ಚನ್ನು ಮಾಡಿಲ್ಲ. ಮಗುವಿನ ಕಲ್ಪನೆಯು ಅದರ ಮೇಲೆ ಹೊದಿಸಿದ್ದ ರೂಪವನ್ನು ಎರಕಹೊಯ್ದಿದ್ದಾನೆ.

ಶೂದ್ರಕನ ‘ಮೃಚ್ಛಕಟಿಕ’ಕ್ಕೆ ಆ ಹೆಸರು ಬಂದುದು ಒಂದು ಆಟದ ಬಂಡಿಯಿಂದ. ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿದ್ದ ರೋಹಸೇನನು, ತನಗೆ ಮಾಡಿಕೊಟ್ಟ ಮಣ್ಣಿನ ಬಂಡಿ ಬೇಡವೆಂದು ಅಳುವನು. ವಸಂತಸೇನೆಯು ತನ್ನ ಆಭರಣಗಳನ್ನು ಆ ಮಣ್ಣಿನ ಬಂಡಿಯಲ್ಲಿ ತುಂಬಿ ಅವನನ್ನು ಸಂತೈಸುವಳು. ಬಾಲ್ಯದಲ್ಲಿ ದೊರೆಯದ ಚಿನ್ನದ ಬಂಡಿಯನ್ನು ಸ್ವಂತ ದುಡಿಮೆಯಿಂದ ಕೊಳ್ಳುವವನನ್ನು ನಾವು ಹೇಗೆ ಹಳಿಯುವುದು?

ಆದರೆ ಹವ್ಯಾಸಕ್ಕೂ ವ್ಯಸನಕ್ಕೂ ನಡುವಣ ಗೋಡೆ ತೆಳುವಾದುದು. ಮಾಲೆ ಮಾಲೆಯಾಗಿ ಬರುವ ಬೊಂಬೆಗಳಿಗೆ ಕೊನೆಯೆಂಬುದಿಲ್ಲ. ಪೆಟ್ಟಿಗೆಯನ್ನು ಬಿಚ್ಚಿದರೆ ಬೆಲೆ ಇಳಿಯುವುದೆಂದು ಬಿಚ್ಚದೆಯೇ ಇಡುವವರುಂಟು. ಬಿಚ್ಚಲೊಂದು, ಇಡಲೊಂದು ಎಂದು ಎರಡೆರಡು ಕೊಳ್ಳುವವರೂ ಉಂಟು. ನನ್ನ ಮಗನು ಈ ಎರಡನೆಯ ಪಂಗಡಕ್ಕೆ ಸೇರತೊಡಗಿದಾಗ ಸೊಸೆಯು, “ಮಾವ, ನೀವಾದರೂ ಒಂದು ಮಾತು ಹೇಳಿ. ತಿಂಗಳ ಕೊನೆಯಲ್ಲಿ ಲೆಕ್ಕ ಸರಿದೂಗಿಸುವವಳು ನಾನು” ಎಂದಳು. ಏಳು ವರ್ಷದ ಮೊಮ್ಮಗನ ದೂರು ಬೇರೆ: “ತಾತ, ಬೀರುವಿಗೆ ಬೀಗ ಹಾಕಿದ್ದಾರೆ. ಪೆಟ್ಟಿಗೆಯೊಳಗಿರುವವನಿಗೆ ಉಸಿರು ಕಟ್ಟುವುದಿಲ್ಲವೆ?”

ಹೀಗೆ ನ್ಯಾಯ ಹೇಳುವ ಭಾರವು ನನ್ನ ಮೇಲೆ ಬಿದ್ದಿತು. ನಾನು ಎರಡೇ ಮಾತು ಹೇಳಿದೆನು. ತಿಂಗಳ ಖರ್ಚನ್ನೂ ಉಳಿತಾಯವನ್ನೂ ಬೇರೆ ತೆಗೆದಿಟ್ಟ ಮೇಲೆ, ಹೆಂಡತಿಗೆ ಹೇಳಿಯೇ ಒಂದೊಂದು ಬೊಂಬೆಯನ್ನು ಕೊಳ್ಳತಕ್ಕದ್ದು, ಎರಡೆರಡು ಕೂಡದು. ಬೀರುವಿನ ಕೆಳಗಿನ ಅಂತಸ್ತು ಮೊಮ್ಮಗನದು, ಅದಕ್ಕೆ ಬೀಗವಿಲ್ಲ. ಮಗನು ಸ್ವಲ್ಪ ಹೊತ್ತು ಸುಮ್ಮನಿದ್ದು ಒಪ್ಪಿದನು. ಕೆಳಗಿನ ಅಂತಸ್ತಿಗೆ ಮೊದಲು ಇಳಿದವನು ರಬ್ಬರ್ ಬ್ಯಾಂಡಿನ ಸೊಂಟದ ಆ ಹಳೆಯ ಸಿಪಾಯಿಯೇ. ಮೊದಲನೆಯ ದಿನವೇ ಮೊಮ್ಮಗನು ಅವನ ತುಪಾಕಿಯನ್ನು ಕಳೆದನು. ಮಗನ ಮುಖ ಬಾಡಿತು. ಬಳಿಕ ತಾನೂ ನೆಲದ ಮೇಲೆ ಮಲಗಿ ಮಂಚದ ಕೆಳಗೆ ಹುಡುಕತೊಡಗಿದನು. ತುಪಾಕಿ ಸಿಕ್ಕಲಿಲ್ಲ. ಆದರೆ ತಂದೆ ಮಕ್ಕಳಿಬ್ಬರೂ ಊಟಕ್ಕೆ ಕರೆಯುವವರೆಗೆ ಅಲ್ಲಿಂದ ಏಳಲೂ ಇಲ್ಲ.