ಶಾಕ್ಸ್ ಇಲ್ಲದ ಸೈಕಲ್

ಕಾಲೇಜಿನ ಸೈಕಲ್ ಸ್ಟ್ಯಾಂಡಿನಲ್ಲಿ ನನ್ನ ಸೈಕಲ್ ನೋಡಿದವರು ಕೇಳುವ ಪ್ರಶ್ನೆ ಒಂದೇ: "ಇದಕ್ಕೆ ಶಾಕ್ಸ್ ಎಲ್ಲೋ?" ಗೇರ್ ಇದೆ, ದಪ್ಪ ಟೈರ್ ಇದೆ, ನೋಡಲು ಎಂಟಿಬಿ ಥರವೇ ಇದೆ. ಮುಂದುಗಡೆ ಮಾತ್ರ ಹಾಲಿನವರ ಸೈಕಲ್ಲಿನ ಹಾಗೆ ಎರಡು ಗಟ್ಟಿ ಕೊಳವೆ. "ದುಡ್ಡು ಸಾಲಲಿಲ್ವಾ ಮಗಾ?" ಎಂದು ಸೈನ್ಸ್ ಸೆಕ್ಷನ್ನಿನ ಒಬ್ಬ ಕೇಳಿದ. ದುಡ್ಡು ಸಾಲದೆ ಇದ್ದದ್ದು ನಿಜವೇ. ಆದರೆ ಕಾರಣ ಅದೊಂದೇ ಅಲ್ಲ, ಉತ್ತರ ಸ್ವಲ್ಪ ಉದ್ದ ಇದೆ. ಪತ್ರಿಕೆಗೆ ಲೇಖನ ಕೇಳಿದಾಗ ಕನ್ನಡ ಮೇಡಂ "ನನ್ನ ಹವ್ಯಾಸ ಅಂತ ಪ್ರಬಂಧ ಬರೀಬೇಡ, ಆಗಿದ್ದನ್ನು ಬರಿ" ಎಂದರು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯಲ್ಲಿ ನಾವು ಆಡುವುದು ಉರ್ದು. ಹಾಗಾಗಿ ಭಾಷೆಯ ತಪ್ಪುಗಳನ್ನು ಮೇಡಂ ತಿದ್ದಿದ್ದಾರೆ. ಅಳತೆಯ ತಪ್ಪು ಪೂರ್ತಿ ನನ್ನದು.

ಫ್ರೇಮ್ ನನ್ನದಲ್ಲ, ಭಾಯಿಜಾನ್ ಅವರದು. ಅವರು ನನ್ನ ದೊಡ್ಡ ಖಾಲಾ ಮಗ. ಡಿಪ್ಲೊಮಾ ಓದುವಾಗ ಬೆಂಗಳೂರಿನಲ್ಲಿ ಯಾರ ಹತ್ತಿರವೋ ಹಳೆಯ ಸ್ಟೀಲ್ ಎಂಟಿಬಿ ಕೊಂಡು ಎರಡು ವರ್ಷ ಓಡಿಸಿದ್ದರು. ಸೌದಿಯ ಜುಬೈಲ್‌ನಲ್ಲಿ ಕೆಲಸ ಸಿಕ್ಕಾಗ ಅದನ್ನು ತುಮಕೂರಿನ ನಮ್ಮ ಮನೆಯ ಅಟ್ಟದ ಮೇಲೆ ಇಟ್ಟು ಹೋದರು. ಐದು ವರ್ಷ ಗೋಣಿಚೀಲದ ಅಡಿ ಬಿದ್ದಿತ್ತು. ಕಳೆದ ರಜೆಯಲ್ಲಿ ಫೋನ್ ಮಾಡಿ ಕೇಳಿದೆ. "ಓಡಿಸು. ಏನು ಬೇಕಾದರೂ ಬದಲಾಯಿಸಿಕೋ. ಫ್ರೇಮ್ ಮಾತ್ರ ಕೆಡಿಸಬೇಡ, ನಾನು ಬಂದ ಮೇಲೆ ನನಗೆ ಬೇಕು" ಎಂದರು.

ಇಳಿಸಿ ಎಣ್ಣೆ ಬಿಟ್ಟು ಒರೆಸಿದರೆ ಚಕ್ರ, ಗೇರ್, ಬ್ರೇಕ್ ಎಲ್ಲ ಬದುಕಿದ್ದವು. ಸತ್ತಿದ್ದು ಮುಂದಿನ ಶಾಕ್ ಫೋರ್ಕ್. ಒಂದರೊಳಗೆ ಒಂದು ಜಾರಬೇಕಾದ ಕೊಳವೆಗಳು ತುಕ್ಕು ಹಿಡಿದು ಅಂಟಿಕೊಂಡಿದ್ದವು. ಹ್ಯಾಂಡಲ್ ಮೇಲೆ ನನ್ನ ಪೂರ್ತಿ ಭಾರ ಹಾಕಿದರೂ ಅಲ್ಲಾಡಲಿಲ್ಲ.

ನಮ್ಮ ಅಬ್ಬಾಗೆ ಗೇಟು, ಗ್ರಿಲ್ ಮಾಡುವ ವೆಲ್ಡಿಂಗ್ ಅಂಗಡಿ ಇದೆ. ಅವರು ಫ್ರೇಮನ್ನು ಒಂದು ಕೈಯಲ್ಲಿ ಎತ್ತಿ, ಬೆರಳ ಗೆಣ್ಣಿನಿಂದ ಕುಟ್ಟಿ, "ಇದು ನಮ್ಮ ಪೈಪಲ್ಲ" ಎಂದರು. ಸೀಟಿನ ಕೆಳಗಿನ ಸ್ಟಿಕ್ಕರಿನಲ್ಲಿ ಕ್ರೋಮೋಲಿ ಎಂದಿತ್ತು. ಉಕ್ಕಿಗೆ ಕ್ರೋಮಿಯಂ, ಮಾಲಿಬ್ಡಿನಮ್ ಸ್ವಲ್ಪ ಸೇರಿಸಿದರೆ ಅದು ಮಾಮೂಲಿ ಉಕ್ಕಿಗಿಂತ ಬಲವಾಗುತ್ತದೆ. ಬಲ ಇರುವುದರಿಂದ ಕೊಳವೆಯನ್ನು ತೆಳ್ಳಗೆ ಎಳೆಯಬಹುದು, ಸೈಕಲ್ ಹಗುರಾಗುತ್ತದೆ. ತೆಳ್ಳಗಿದೆ ಎಂಬ ಈ ಮಾತು ನೆನಪಿರಲಿ, ಮುಂದೆ ಬರುತ್ತದೆ.

ರಜೆಯಲ್ಲಿ ನಾನು ಅಬ್ಬಾ ಅಂಗಡಿಯಲ್ಲಿ ಗ್ರಿಲ್‌ಗಳಿಗೆ ರೆಡ್ ಆಕ್ಸೈಡ್ ಬಳಿದೆ. ದಿನಕ್ಕೆ 250 ರೂಪಾಯಿ. 26 ದಿನಕ್ಕೆ 6,500 ಆಯಿತು. ಮಗ ಎಂದು ಒಂದು ರೂಪಾಯಿ ಜಾಸ್ತಿ ಇಲ್ಲ, ತಡವಾಗಿ ಹೋದರೆ ಅರ್ಧ ದಿನದ ಕೂಲಿ ಕಟ್. ಆಮೇಲೆ ನಾನು ನೋಡಿದ ಬೆಲೆಗಳೆಲ್ಲ ನನಗೆ ರೂಪಾಯಿಯಲ್ಲಿ ಕಾಣಲಿಲ್ಲ, ಬಳಿದ ಗ್ರಿಲ್‌ಗಳಲ್ಲಿ ಕಂಡವು.

ಹೊಸ ಶಾಕ್ ಫೋರ್ಕ್ ಏಕೆ ಹಾಕಲಿಲ್ಲ? ನನ್ನ ಹಣಕ್ಕೆ ಸಿಗುತ್ತಿದ್ದದ್ದು ಒಳಗೆ ಬರೀ ಸ್ಪ್ರಿಂಗ್ ಇರುವಂಥದ್ದು. ಒತ್ತಿದರೆ ಕುಗ್ಗುತ್ತದೆ, ಬಿಟ್ಟರೆ ಚೆಂಡಿನ ಹಾಗೆ ಮೇಲೆ ಎಗರುತ್ತದೆ. ಆ ಎಗರುವುದನ್ನು ನಿಧಾನ ಮಾಡುವ ಎಣ್ಣೆಯ ಡ್ಯಾಂಪರ್ ಇರುವ ಫೋರ್ಕಿಗೆ ಬೆಲೆ ಬಹಳ ಮೇಲೆ. ಸೈಕಲ್ ಶಾಪಿನ ಅಣ್ಣ ಅಂಥ ಅಗ್ಗದ ಫೋರ್ಕ್ ಒಂದನ್ನು ನನ್ನ ಕೈಗೆ ಕೊಟ್ಟು, "ಇದು ಶೋಗೆ" ಎಂದರು. ಮಾರಬೇಕಾದವರೇ ಹಾಗೆಂದ ಮೇಲೆ ಇನ್ನೇನು. ನಾನು ಓಡಿಸುವುದು ಮನೆಯಿಂದ ಕಾಲೇಜಿಗೆ 7 ಕಿ.ಮೀ., ಭಾನುವಾರ ದೇವರಾಯನದುರ್ಗದ ಏರು. ಏರಿನಲ್ಲಿ ಎದ್ದು ನಿಂತು ತುಳಿದಾಗ ಸ್ಪ್ರಿಂಗ್ ಕುಣಿಯುತ್ತಾ ಕಾಲಿನ ಬಲವನ್ನು ತಿನ್ನುತ್ತದೆ.

ಗಟ್ಟಿ ಫೋರ್ಕಿನ ಎಂಟಿಬಿ ಎಂದರೆ ನಗುವವರಿಗೆ ಒಂದು ಮಾತು. ಈ ಜಾತಿಯ ಸೈಕಲ್ ಹುಟ್ಟಿದ್ದೇ ಶಾಕ್ಸ್ ಇಲ್ಲದೆ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ 1970ರ ದಶಕದ ಹುಡುಗರು ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಕೆಳಗೆ ಓಡಿಸುತ್ತಿದ್ದರು. 1976ರಲ್ಲಿ ಶುರುವಾದ ಅವರ ಒಂದು ರೇಸಿನ ಹೆಸರು 'ರೀಪ್ಯಾಕ್'. ಇಳಿಜಾರಿನಲ್ಲಿ ಹಿಂದಿನ ಹಬ್ಬಿನೊಳಗಿದ್ದ ಬ್ರೇಕ್ ಕಾದು ಗ್ರೀಸ್ ಸುಟ್ಟು ಹೋಗುತ್ತಿತ್ತು, ಪ್ರತಿ ಸಲ ಮತ್ತೆ ಗ್ರೀಸ್ ತುಂಬಬೇಕಿತ್ತು, ಅದಕ್ಕೆ ಆ ಹೆಸರು. ರಾಕ್‌ಶಾಕ್ಸ್ ಕಂಪನಿಯ ಆರ್‌ಎಸ್-1 ಶಾಕ್ ಫೋರ್ಕ್ ಬಂದದ್ದು 1989ರಲ್ಲಿ. ಅಲ್ಲಿಯವರೆಗೆ ಹೆಚ್ಚುಕಡಿಮೆ ಎಲ್ಲರೂ ಓಡಿಸಿದ್ದು ನನ್ನಂಥದ್ದೇ.

ಆದರೆ ಗಟ್ಟಿ ಫೋರ್ಕ್ ಎಂದಾಕ್ಷಣ ಯಾವುದಾದರೂ ನಡೆಯುವುದಿಲ್ಲ. ಎಲ್ಲರೂ ಮೊದಲು ತೂಕ ಕೇಳುತ್ತಾರೆ, ಆಮೇಲೆ ಬಣ್ಣ. ಕೇಳಬೇಕಾದದ್ದು ಉದ್ದ. ಚಕ್ರದ ಆಕ್ಸಲ್ ಕೂರುವ ಜಾಗದಿಂದ ಮೇಲೆ ಎರಡು ಕಾಲು ಸೇರುವ ಕ್ರೌನ್‌ವರೆಗಿನ ಉದ್ದ. ಫ್ರೇಮ್ ಮಾಡಿದವರು ಒಂದು ಉದ್ದವನ್ನು ಮನಸ್ಸಿನಲ್ಲಿಟ್ಟು ಕೋನಗಳನ್ನು ಇಟ್ಟಿರುತ್ತಾರೆ. ಭಾಯಿಜಾನ್ ಸೈಕಲ್ಲಿನ ಹಳೆಯ ಫೋರ್ಕ್ 80 ಮಿ.ಮೀ. ಕುಗ್ಗುವಂಥದ್ದು, ಅಳೆದರೆ 451 ಮಿ.ಮೀ. ಬಂತು. ಹಾಗಾದರೆ 451ರ ಗಟ್ಟಿ ಫೋರ್ಕ್ ಬೇಕೇ? ಇಲ್ಲ. ಶಾಕ್ ಫೋರ್ಕ್ ಸರಿ ಇದ್ದಾಗ ನಾವು ಕೂತರೆ ಸಾಕು, ಐದನೇ ಒಂದು ಭಾಗದಷ್ಟು ಕುಗ್ಗಿರುತ್ತದೆ. 80ರಲ್ಲಿ 16. ಅಂದರೆ ಸೈಕಲ್ ನಿಜವಾಗಿ ಓಡುತ್ತಿದ್ದದ್ದು 435ರಲ್ಲಿ. ಗಟ್ಟಿ ಫೋರ್ಕ್ ಕುಗ್ಗುವುದಿಲ್ಲ, ಆದ್ದರಿಂದ ಅದು 430ರಿಂದ 440ರ ಒಳಗೆ ಇರಬೇಕು.

ಊರಿನಲ್ಲಿ ಸಿಗುತ್ತಿದ್ದ ಮಕ್ಕಳ ಎಂಟಿಬಿಯ ಗಟ್ಟಿ ಫೋರ್ಕ್ 395 ಇತ್ತು. ಅದನ್ನು ಹಾಕಿದರೆ ಮುಂಭಾಗ 40 ಮಿ.ಮೀ. ಕೆಳಗಿಳಿಯುತ್ತದೆ. ಎರಡು ಆಕ್ಸಲ್ ನಡುವೆ 1,060 ಮಿ.ಮೀ. ಇದೆ. ಎಸ್ಸೆಸ್ಸೆಲ್ಸಿಯ ತ್ರಿಕೋನಮಿತಿಗೆ ಸಲಾಂ ಹೇಳಿ ಕಾಮರ್ಸಿಗೆ ಬಂದವನು ನಾನು, ಇದಕ್ಕಾಗಿ ಮತ್ತೆ ಟ್ಯಾನ್ ಟೇಬಲ್ ತೆಗೆದೆ. ಫ್ರೇಮ್ ಸುಮಾರು 2 ಡಿಗ್ರಿ ಮುಂದಕ್ಕೆ ಬಾಗುತ್ತದೆ. ಕೇಳಲು ಎರಡೇ ಡಿಗ್ರಿ. ಆದರೆ ಹ್ಯಾಂಡಲ್ ಚಂಚಲವಾಗುತ್ತದೆ, ಇಳಿಜಾರಿನಲ್ಲಿ ಮುಗ್ಗರಿಸುವ ಹಾಗೆ ಅನ್ನಿಸುತ್ತದೆ, ಪೆಡಲ್ ನೆಲಕ್ಕೆ ಸುಮಾರು 15 ಮಿ.ಮೀ. ಹತ್ತಿರವಾಗಿ ಕಲ್ಲಿಗೆ ಬಡಿಯುತ್ತದೆ.

ಇಷ್ಟೆಲ್ಲ ಓದಿಕೊಂಡು ನಾನು ದೊಡ್ಡ ಪಂಡಿತನಾದೆ. ಬೆಂಗಳೂರಿನ ಒಬ್ಬರು ಹಳೆಯ ಕ್ರೋಮೋಲಿ ಫೋರ್ಕ್ ಮಾರಾಟಕ್ಕಿಟ್ಟಿದ್ದರು, 2,200 ರೂಪಾಯಿ. ಉದ್ದ ಕೇಳಿದೆ, 438. 26 ಇಂಚಿನ ಚಕ್ರದ್ದೇ, ವಿ-ಬ್ರೇಕ್ ಕೂರುವ ಗೂಟಗಳೂ ಇವೆ. ಮಾರನೇ ದಿನ ಬೇರೆಯವರು ಕೊಂಡುಬಿಟ್ಟಾರು ಎಂದು ರಾತ್ರಿಯೇ ಹಣ ಕಳಿಸಿದೆ. ನಾಲ್ಕು ದಿನಕ್ಕೆ ಪಾರ್ಸೆಲ್ ಬಂತು. ಒಳ್ಳೆಯ ಫೋರ್ಕೇ, ಸುಳ್ಳು ಹೇಳಿರಲಿಲ್ಲ. ಕೆಳಗಿನಿಂದ ಫ್ರೇಮಿನೊಳಗೆ ತೂರಿಸಿದೆ. ಮೇಲಿನಿಂದ ಏನೂ ಹೊರಗೆ ಬರಲಿಲ್ಲ ಎನ್ನುವಷ್ಟು ಬಂತು.

ಫೋರ್ಕಿನ ಮೇಲಿನ ಕೊಳವೆ, ಅಂದರೆ ಸ್ಟೀರರ್, ಫ್ರೇಮಿನ ಹೆಡ್ ಟ್ಯೂಬಿನೊಳಗೆ ಹಾದು ಮೇಲೆ ಬಂದು ಹ್ಯಾಂಡಲ್ ಸ್ಟೆಮ್ಮನ್ನು ಹೊರಬೇಕು. ಹೆಡ್ ಟ್ಯೂಬ್ 118, ಕೆಳಗೆ ಮೇಲೆ ಬೇರಿಂಗ್ ಕಪ್ಪುಗಳು 27, ಸ್ಟೆಮ್ 40. ಒಟ್ಟು 185 ಬೇಕು. ಹಿಂದಿನ ಮಾಲೀಕರು ತಮ್ಮ ಚಿಕ್ಕ ಫ್ರೇಮಿಗೆ ತಕ್ಕಂತೆ ಕತ್ತರಿಸಿದ್ದರು, ಇದ್ದದ್ದು 148. ನಾನು ಕಾಲುಗಳ ಉದ್ದ ಕೇಳಿದ್ದೆ, ಕುತ್ತಿಗೆಯ ಉದ್ದ ಕೇಳಿರಲಿಲ್ಲ. ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಮೆಸೇಜ್ ಹಾಕಿದೆ. "ಕೇಳಿದ್ದನ್ನೆಲ್ಲ ಹೇಳಿದ್ದೇನಲ್ಲ" ಎಂದು ಉತ್ತರ ಬಂತು. ಅದೂ ಸರಿಯೇ.

ಆದರೂ ನನಗೆ ಹೆಚ್ಚು ಬೇಸರವಾಗಲಿಲ್ಲ. ಅಬ್ಬಾ ಇದ್ದಾರಲ್ಲ. 37 ಮಿ.ಮೀ. ಪೈಪು ಬೆಸೆಯುವುದು ಅವರಿಗೆ ಎಷ್ಟು ಹೊತ್ತಿನ ಕೆಲಸ? ಈ ಊರಿನ ಎಷ್ಟು ಗೇಟುಗಳು ಅವರ ಬೆಸುಗೆಯ ಮೇಲೆ ನಿಂತಿವೆ. ಸಂಜೆ ಅಸರ್ ಮುಗಿಸಿ ಬಂದವರ ಮುಂದೆ ಫೋರ್ಕ್ ಇಟ್ಟು ವಿಷಯ ಹೇಳಿದೆ. ಅವರು ಕತ್ತರಿಸಿದ ತುದಿಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿದರು, ಉಗುರಿನಿಂದ ದಪ್ಪ ನೋಡಿದರು. "ನಕ್ಕೋ ಬೇಟಾ" ಎಂದು ಕೆಳಗಿಟ್ಟರು.

ನಾನು ವಾದ ಮಾಡಿದೆ. ನಿಮಗೆ ಬರದ ಕೆಲಸವೇ ಇದು? ನನಗಾಗಿ ಇಷ್ಟು ಮಾಡುವುದಿಲ್ಲವೇ? ಒಂಬತ್ತು ದಿನದ ಕೂಲಿ ಹೋಯಿತು! ಅವರು ಸಿಟ್ಟಾಗಲಿಲ್ಲ. ಮೂಲೆಯಿಂದ ಒಂದು ತೆಳು ಪೈಪಿನ ತುಂಡು ತಂದು, ಅದಕ್ಕೆ ಇನ್ನೊಂದು ತುಂಡು ಬೆಸೆದು, ಗ್ರೈಂಡರಿನಲ್ಲಿ ಉಜ್ಜಿ ನುಣುಪು ಮಾಡಿ ಕೈಗೆ ಕೊಟ್ಟರು. ಜೋಡಿಸಿದ್ದು ಎಲ್ಲಿ ಎಂದು ಕಾಣುತ್ತಿರಲಿಲ್ಲ. ಆಮೇಲೆ ಅದನ್ನು ವೈಸಿಗೆ ಕಟ್ಟಿ ಉದ್ದ ಪೈಪು ತೂರಿಸಿ ಬಗ್ಗಿಸಿದರು. ಆ ಕಡೆ ಈ ಕಡೆ ಏಳೆಂಟು ಸಲ ಬಗ್ಗಿಸಿದ ಮೇಲೆ ಬೆಸುಗೆ ಬಿಡಲಿಲ್ಲ, ಬೆಸುಗೆಯ ಪಕ್ಕದಲ್ಲಿ ಪೈಪು ಬಿಟ್ಟಿತು. ಶಾಖ ತಿಂದ ಜಾಗ ಅದು ಎಂದರು. ಮುಂದಿನ ಬ್ರೇಕ್ ಹಿಡಿದಾಗಲೆಲ್ಲ ಸ್ಟೀರರ್ ಹೀಗೇ ಬಾಗಲು ನೋಡುತ್ತದೆ, ದಿನಕ್ಕೆ ಎಷ್ಟು ಸಲ ಬ್ರೇಕ್ ಹಿಡಿಯುತ್ತೀ ಲೆಕ್ಕ ಹಾಕು, ನೀನು ಕಾಮರ್ಸಲ್ಲವೇ ಎಂದರು. ಹ್ಯಾಂಡಲ್ ಕೈಯಲ್ಲಿ ಉಳಿದು ಚಕ್ರ ಬೇರೆ ಕಡೆ ಹೋದರೆ ಮೊದಲು ನೆಲ ಮುಟ್ಟುವುದು ಹಲ್ಲು ಎಂದೂ ಸೇರಿಸಿದರು. ಆ ಮುರಿದ ತುಂಡು ನನ್ನ ಮೇಜಿನ ಮೇಲೆ ಈಗಲೂ ಇದೆ.

ಅಕೌಂಟೆನ್ಸಿ ಸರ್ ಬಳಿ ತಮಾಷೆಗೆ ಕೇಳಿದೆ: "ಸರ್, ತಪ್ಪು ಫೋರ್ಕಿನ 2,200 ರೂಪಾಯಿಯನ್ನು ಸೈಕಲ್ಲಿನ ಬೆಲೆಗೆ ಸೇರಿಸಬಹುದಾ?" ಅವರು ತಮಾಷೆ ಮಾಡದೆ ಉತ್ತರಿಸಿದರು. "ಸ್ವತ್ತನ್ನು ಬಳಕೆಗೆ ತರಲು ಬೇಕಾದ ಖರ್ಚು ಮಾತ್ರ ಸ್ವತ್ತಿನ ಬೆಲೆ. ನಿನ್ನದು ಲಾಭ-ನಷ್ಟ ಖಾತೆಗೆ." ಆ ಅಧ್ಯಾಯ ನನಗೆ ಅವತ್ತು ಅರ್ಥವಾಯಿತು.

ಎರಡನೇ ಸಲ ಸ್ಕೇಲು, ಚೀಟಿ ಹಿಡಿದು ಮಾಮು ಜೊತೆ ಟ್ರೇನಿನಲ್ಲಿ ಬೆಂಗಳೂರಿಗೆ ಹೋದೆ. ಅಂಗಡಿಯ ಹುಡುಗ ಮೊದಲು 29 ಇಂಚಿನ ಚಕ್ರದ ಫೋರ್ಕ್ ತೋರಿಸಿದ, ಈಗೆಲ್ಲ ಇದೇ ಎಂದ. 470 ಇತ್ತು. ನನಗೆ ಬೇಕಾದ್ದಕ್ಕಿಂತ 35 ಮಿ.ಮೀ. ಉದ್ದ. ಉದ್ದವಾದಷ್ಟೂ ಅದು ಸನ್ನೆಕೋಲಿನ ಹಾಗೆ ಹೆಡ್ ಟ್ಯೂಬನ್ನು ಮೀಟುತ್ತದೆ, ಏಟು ಬೀಳುವುದು ಭಾಯಿಜಾನ್ ಫ್ರೇಮಿಗೆ. ಜೊತೆಗೆ ಅದಕ್ಕೆ ಡಿಸ್ಕ್ ಬ್ರೇಕ್ ಜಾಗ ಮಾತ್ರ ಇತ್ತು, ವಿ-ಬ್ರೇಕ್ ಗೂಟ ಇರಲಿಲ್ಲ. ವಿ-ಬ್ರೇಕಿನ ಕಟ್ಟೆ ರಿಮ್ಮಿಗೆ ಸರಿಯಾಗಿ ತಾಗಬೇಕಾದರೆ ಗೂಟ 26 ಇಂಚಿನ ಚಕ್ರಕ್ಕೆಂದೇ ಇಟ್ಟದ್ದಾಗಿರಬೇಕು. ಕಾರ್ಬನ್ ಫೋರ್ಕ್ ಒಂದನ್ನು ಎತ್ತಿ ನೋಡಿದೆ, ಬಾಳೆದಿಂಡಿನ ಹಾಗೆ ಹಗುರ. ಬೆಲೆ ನೋಡಿ ಹುಷಾರಾಗಿ ವಾಪಸ್ ಇಟ್ಟೆ. ಕೊನೆಗೆ ಒಳಗಿನಿಂದ ಧೂಳು ಹಿಡಿದ ಪೆಟ್ಟಿಗೆ ಬಂತು. ಕ್ರೋಮೋಲಿ, 432 ಮಿ.ಮೀ., ಗೂಟ ಇದೆ, ಸ್ಟೀರರ್ ಕತ್ತರಿಸದ 265. ನಾನೇ ಎರಡು ಸಲ ಅಳೆದೆ, ಮಾಮು ಒಂದು ಸಲ. 4,600 ರೂಪಾಯಿ. ನನ್ನ ಹತ್ತಿರ ಉಳಿದಿದ್ದು 4,300. ಅಮ್ಮಿ ಹೊರಡುವಾಗಲೇ ಜೇಬಿನಲ್ಲಿ 500 ಇಟ್ಟಿದ್ದರು, ಕೇಳದೆಯೇ.

ಸೈಕಲ್ ಶಾಪಿನ ಅಣ್ಣ ಕ್ರೌನ್ ರೇಸ್ ಕೂರಿಸಿ ಕೊಟ್ಟರು. ಸ್ಟೀರರ್ ಕತ್ತರಿಸಿದ್ದು ಅಬ್ಬಾ. 185 ಸಾಕಾಗಿದ್ದರೂ 200ಕ್ಕೆ ಗುರುತು ಹಾಕಿಸಿದೆ, ಮಿಕ್ಕಿದ್ದಕ್ಕೆ ರಿಂಗ್ ಸ್ಪೇಸರ್ ಹಾಕಿದರಾಯಿತು. ನಾಳೆ ಹ್ಯಾಂಡಲ್ ಎತ್ತರ ಬೇಕೆನ್ನಿಸಿದರೆ ಇರಲಿ, ಭಾಯಿಜಾನ್ ನನಗಿಂತ ಉದ್ದ. ಹಳೆಯ ಫೋರ್ಕನ್ನು ಅಕ್ಕಿ ಅಂಗಡಿಯ ತಕ್ಕಡಿಯಲ್ಲಿ ತೂಗಿದರೆ 2 ಕೆಜಿ 400 ಗ್ರಾಂ, ಹೊಸದು 1 ಕೆಜಿ 100 ಗ್ರಾಂ.

ಮೊದಲ ಭಾನುವಾರ ಫಜರ್ ಆದ ಮೇಲೆ ದೇವರಾಯನದುರ್ಗಕ್ಕೆ ಹೊರಟೆ, ಸುಮಾರು 15 ಕಿ.ಮೀ. ಏರಿನಲ್ಲಿ ಎದ್ದು ನಿಂತು ತುಳಿದರೆ ಸೈಕಲ್ ನೇರ ಮುಂದಕ್ಕೆ ಹೋಗುತ್ತದೆ, ಕುಣಿತ ಇಲ್ಲ. ಇಳಿಯುವಾಗ ಮಾತ್ರ ರಸ್ತೆಯ ಪ್ರತಿ ಗುಂಡಿ ಅಂಗೈಗೆ ಗೊತ್ತಾಗುತ್ತದೆ. ಮೊಣಕೈ ಸಡಿಲ ಬಿಟ್ಟು, ದಪ್ಪ ಟೈರಿನಲ್ಲಿ ಗಾಳಿ ಸ್ವಲ್ಪ ಕಡಿಮೆ ಇಟ್ಟು, ಎಲ್ಲಿ ಹೋಗಬೇಕು ಎಂದು ಮೊದಲೇ ನೋಡಿಕೊಂಡರೆ ತೊಂದರೆ ಇಲ್ಲ. ಗುಂಡಿ ಮೇಲೆ ಕಣ್ಣು ಮುಚ್ಚಿ ಹೋಗುವವರು ಶಾಕ್ಸ್ ಇರುವುದನ್ನೇ ಕೊಳ್ಳಿ, ನನ್ನ ಮಾತು ಕೇಳಬೇಡಿ. ಫೋಟೋ ಕಳಿಸಿದಾಗ ಭಾಯಿಜಾನ್ ಬರೆದದ್ದು ಒಂದೇ ಸಾಲು: "ಹೆಡ್ ಟ್ಯೂಬ್ ಹತ್ತಿರದಿಂದ ಇನ್ನೊಂದು ತೆಗೆದು ಕಳಿಸು." ಬಿರುಕು ಹುಡುಕುತ್ತಿದ್ದರು. ಸಿಗಲಿಲ್ಲ.

ಮೊದಲ ಫೋರ್ಕ್ ತಿಂಗಳುಗಟ್ಟಲೆ ಅಂಗಡಿಯ ಗೋಡೆಯ ಮೊಳೆಗೆ ನೇತಾಡಿತು. ಒಂದು ದಿನ ಹೋದರೆ ಅಲ್ಲಿರಲಿಲ್ಲ. ಅಬ್ಬಾ ಅದನ್ನು ತಲೆಕೆಳಗು ಮಾಡಿ ಆ ಗಿಡ್ಡ ಸ್ಟೀರರನ್ನು ದಪ್ಪ ಕಬ್ಬಿಣದ ಹಲಗೆಗೆ ಬೆಸೆದಿದ್ದರು. ಈಗ ಅದರ ಎರಡು ಕಾಲುಗಳ ನಡುವೆ ಮುಂದಿನ ಚಕ್ರ ಕೂರಿಸಿ ತಿರುಗಿಸಿದರೆ ರಿಮ್ ಎಲ್ಲಿ ಸೊಟ್ಟಗಿದೆ ಎಂದು ಕಾಣುತ್ತದೆ, ಕಡ್ಡಿ ಬಿಗಿ ಮಾಡಿ ನೇರ ಮಾಡಬಹುದು. "ಇದಕ್ಕೆ ಬೆಸುಗೆ ಪರವಾಗಿಲ್ಲ, ಇದರ ಮೇಲೆ ಯಾರೂ ಕೂರುವುದಿಲ್ಲ" ಎಂದರು. ಈಗ ಇದು ಯಾವ ಖಾತೆಗೆ ಎಂದು ಸರ್ ಅವರನ್ನು ಇನ್ನೂ ಕೇಳಿಲ್ಲ. ಮುಂದಿನ ಚಕ್ರ ಸೊಟ್ಟಗಾದವರು ಶುಕ್ರವಾರ ಬಿಟ್ಟು ಯಾವ ಸಂಜೆ ಬೇಕಾದರೂ ತರಬಹುದು. ಕೂಲಿ ಇಲ್ಲ, ಕಡ್ಡಿ ಮುರಿದಿದ್ದರೆ ಕಡ್ಡಿ ನೀವೇ ತನ್ನಿ.