ಬ್ಯಾಂಕು ಕೈಬಿಟ್ಟರೂ ವಿಮೆ ಕೈಬಿಡಬೇಡಿ

ಇವತ್ತು ಬೆಳೆ ವಿಷಯ ಅಲ್ಲ, ದಿವಾಳಿ ವಿಷಯ. ನಮ್ಮ ಕಡೆ ಇದನ್ನ ಯಾರೂ ಬಾಯಿಬಿಟ್ಟು ಹೇಳಲ್ಲ. ನಾನು ಹೇಳ್ತೀನಿ, ಯಾಕಂದ್ರೆ ಹೋದ ತಿಂಗಳು ಇಬ್ಬರು ರಾತ್ರಿ ಫೋನ್ ಮಾಡಿ ಇದನ್ನೇ ಕೇಳಿದ್ರು.

ಬಹಳ ಜನಕ್ಕೆ ಗೊತ್ತಿರೋದೇ. 2023ರಲ್ಲಿ ರಾಜ್ಯದ 236 ತಾಲ್ಲೂಕಲ್ಲಿ 223 ಬರಪೀಡಿತ ಅಂತ ಘೋಷಣೆ ಆಯ್ತು, ನಮ್ಮ ಶಿರಾನೂ ಅದರಲ್ಲಿತ್ತು. ಕಡಲೆಕಾಯಿ ಹೂವಲ್ಲೇ ಒಣಗಿತು, ಎರಡು ಬೋರೂ ನಿಂತವು. ಬಡ್ಡಿ ಸೇರಿ ಒಂಬತ್ತು ಲಕ್ಷ ದಾಟಿದ ಸಾಲ ಒಂದೇ ಕಂತಿನ ತೀರುವಳಿಯಲ್ಲಿ 5,10,000ಕ್ಕೆ ಇತ್ಯರ್ಥ ಆಯ್ತು. ಅದಕ್ಕೆ ಒಂದೂವರೆ ಎಕರೆ ಹೋಯ್ತು. ಉಳಿದಿದ್ದು 2 ಎಕರೆ 30 ಗುಂಟೆ, ಎರಡು ಹಸು.

ಆಗ ನೆಂಟರೆಲ್ಲ ಹೇಳಿದ್ದು ಒಂದೇ ಮಾತು. "ಬೆಂಗಳೂರಿಗೆ ಹೋಗಿ ಸೆಕ್ಯೂರಿಟಿ ಕೆಲಸ ಹಿಡಿ, ಪಿಎಫ್, ಇಎಸ್‌ಐ ಇರುತ್ತೆ, ಕಾಯಿಲೆ ಬಿದ್ರೆ ನೋಡ್ಕೋತಾರೆ." ಮಾತು ಸುಳ್ಳಲ್ಲ. ತಿಂಗಳಿಗೆ 21,000 ಒಳಗೆ ಸಂಬಳ ಇರೋರಿಗೆ ಇಎಸ್‌ಐ ಸಿಗುತ್ತೆ. ನಮ್ಮಂಥೋರಿಗೆ ಆ ಧಣಿ ಇಲ್ಲ. ನಮಗೆ ನಾವೇ ಧಣಿ, ನಾವೇ ಆಳು. ಹಂಗಾಗಿ ವಿಮೇನೂ ನಾವೇ ಮಾಡ್ಕೋಬೇಕು. ಮನೆಯವಳೂ ನಾನೂ ಕೂತು ಲೆಕ್ಕ ಹಾಕಿದ್ವಿ, ಊರಲ್ಲೇ ಉಳಿಯೋದು ಅಂತ ತೀರ್ಮಾನ ಮಾಡಿದ್ವಿ. ಆ ಲೆಕ್ಕ ಕೆಳಗಿದೆ.

ಮೊದಲು ಭಯದ ಮಾತು. ಸಾಲಗಾರನ ಮನೇಲಿ ಎಲ್ಲಾನೂ ಜಪ್ತಿ ಮಾಡ್ತಾರೆ ಅಂತ ಹೆದರಿಸ್ತಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆ 60ನೇ ಸೆಕ್ಷನ್ ಪ್ರಕಾರ ರೈತನ ನೇಗಿಲು-ಮುಟ್ಟು, ಜೀವನಕ್ಕೆ ಬೇಕಾದ ದನ, ಬಿತ್ತನೆ ಬೀಜ, ವಾಸದ ಮನೆ, ಅಡುಗೆ ಪಾತ್ರೆ ಜಪ್ತಿ ಮಾಡೋ ಹಾಗಿಲ್ಲ. ಜೀವವಿಮೆ ಪಾಲಿಸಿಯ ಹಣಕ್ಕೂ ಅದೇ ರಕ್ಷಣೆ. ಆದ್ರೆ ಒಂದು ನೆನಪಿಡಿ, ನೀವೇ ಅಡಮಾನ ಬರೆದುಕೊಟ್ಟ ಆಸ್ತಿಗೆ ಈ ರಕ್ಷಣೆ ನಡೆಯಲ್ಲ.

ಇನ್ನು ಸಿಬಿಲ್. ತೀರುವಳಿ ಆದ ಸಾಲ ಅಲ್ಲಿ 'ಸೆಟಲ್ಡ್' ಅಂತ ಕೂರುತ್ತೆ, 'ಕ್ಲೋಸ್ಡ್' ಅಂತ ಅಲ್ಲ. ಕನಿಷ್ಠ ಏಳು ವರ್ಷ ದಾಖಲೆ ಇಟ್ಕೊಂಡಿರ್ತಾರೆ. ಹೊಸ ಬೆಳೆಸಾಲ ಸಿಗೋದು ಕಷ್ಟ. ಆದ್ರೆ ಬೆಳೆವಿಮೆಗೆ ಸಿಬಿಲ್ ಬೇಕಿಲ್ಲ, ಇದನ್ನ ಬಹಳ ಜನ ತಿಳ್ಕೊಂಡಿಲ್ಲ. ಸಾಲ ಇದ್ದಾಗ ಬ್ಯಾಂಕಿನವರೇ ಕಂತು ಹಿಡ್ಕೊಂಡು ವಿಮೆ ಮಾಡ್ತಿದ್ರು. ಈಗ ಸಾಲ ಇಲ್ಲ, ಹಿಡಿಯೋರೂ ಇಲ್ಲ. 'ಸಾಲ ಪಡೆಯದ ರೈತ' ಅಂತ ಗ್ರಾಮ ಒನ್‌ಗೆ ನಾವೇ ಹೋಗಿ ಕಟ್ಟಬೇಕು. ಮುಂಗಾರು ಆಹಾರ ಬೆಳೆ, ಎಣ್ಣೆಕಾಳಿಗೆ ರೈತನ ಪಾಲು ವಿಮಾ ಮೊತ್ತದ ನೂರಕ್ಕೆ 2 ರೂಪಾಯಿ, ಹಿಂಗಾರಿಗೆ ಒಂದೂವರೆ, ತೋಟದ ಬೆಳೆಗೆ 5. ಕೊನೇ ದಿನ ಬೆಳೆಯಿಂದ ಬೆಳೆಗೆ ಬೇರೆ, ರೈತ ಸಂಪರ್ಕ ಕೇಂದ್ರದಲ್ಲಿ ಕೇಳಿ. ವಿಮೆ ಕಟ್ಟಿದ ಬೆಳೆಯೂ ಬೆಳೆ ಸಮೀಕ್ಷೆಯಲ್ಲಿ ಬರೆದ ಬೆಳೆಯೂ ಒಂದೇ ಇರಲಿ. ಆಲಿಕಲ್ಲು ಬಿದ್ದರೆ, ಹೊಲಕ್ಕೆ ನೀರು ನುಗ್ಗಿದರೆ 72 ಗಂಟೆ ಒಳಗೆ ತಿಳಿಸಿ.

ಈಗ ಮುಖ್ಯವಾದ ಮಾತು. ತೀರುವಳಿ ಆದ ಮೇಲೆ ಸಿಟ್ಟು ಬರುತ್ತೆ, ಆ ಬ್ಯಾಂಕಿನ ಮೆಟ್ಟಿಲು ಹತ್ತಬಾರದು ಅನ್ಸುತ್ತೆ. ನನ್ನ ಗೆಳೆಯರೊಬ್ಬರು ಅವತ್ತೇ ಉಳಿತಾಯ ಖಾತೇನೂ ಮುಚ್ಚಿಸಿದ್ರು. ನಾನು ಮುಚ್ಚಲಿಲ್ಲ. ಪ್ರಧಾನಮಂತ್ರಿ ಜೀವನಜ್ಯೋತಿ, ಸುರಕ್ಷಾ ಎರಡೂ ವಿಮೆ ಓಡೋದು ಖಾತೆ ಮೇಲೆ. ಖಾತೆ ಮುಚ್ಚಿದ್ರೆ ವಿಮೆ ಮುಗೀತು. ಜೀವನಜ್ಯೋತಿಗೆ ಹೊಸದಾಗಿ ಸೇರೋಕೆ 50 ವರ್ಷದವರೆಗೆ ಮಾತ್ರ ಅವಕಾಶ. ಅಷ್ಟರೊಳಗೆ ಸೇರಿದೋರಿಗೆ 55ರವರೆಗೆ ನಡೆಯುತ್ತೆ. ನನಗೀಗ 53. ಆ ಖಾತೆ ಹೋಗಿದ್ರೆ ನನ್ನ ಹಿಂದೆ ಮನೆಯವಳಿಗೆ ಬರೋ ಎರಡು ಲಕ್ಷವೂ ಹೋಗ್ತಿತ್ತು. ಗೆಳೆಯರಿಗೆ 54, ಅವರದು ಹಂಗೇ ಹೋಯ್ತು. ಸಿಟ್ಟು ಇರಲಿ, ಖಾತೆನೂ ಇರಲಿ.

ನಮ್ಮನೆ ವರ್ಷದ ಲೆಕ್ಕ:
ಜೀವನಜ್ಯೋತಿ ಇಬ್ಬರಿಗೆ, ತಲಾ 436ರಂತೆ 872.
ಸುರಕ್ಷಾ ಅಪಘಾತ ವಿಮೆ ಇಬ್ಬರಿಗೆ, ತಲಾ 20ರಂತೆ 40. ಇದು 70 ವರ್ಷದವರೆಗೂ ಇದೆ.
ಯಶಸ್ವಿನಿ, ನಾಲ್ಕು ಜನಕ್ಕೆ 500. ಡೇರಿಗೆ ಹಾಲು ಹಾಕ್ತೀವಿ, ಸಂಘದ ಸದಸ್ಯತ್ವ ಇದೆ, ಅದಕ್ಕೇ ಸಿಕ್ಕಿದ್ದು.
ಎರಡು ಎಕರೆ ಕಡಲೆಕಾಯಿ, ಎಕರೆಗೆ 20,000 ವಿಮಾ ಮೊತ್ತ ಅಂತ ಹಿಡಿದ್ರೆ 800.
ಒಟ್ಟು 2,212.

ಪಿಎಂ ಕಿಸಾನ್ ಒಂದು ಕಂತು 2,000 ಬರುತ್ತಲ್ಲ, ಅದಕ್ಕೆ 212 ಸೇರಿಸಿದ್ರೆ ವರ್ಷ ಮುಗೀತು. ಆ ಒಂದು ಕಂತನ್ನ ನಾವು ಗೊಬ್ಬರಕ್ಕೂ ಮುಟ್ಟಲ್ಲ, ಹಬ್ಬಕ್ಕೂ ಮುಟ್ಟಲ್ಲ. ಬಿಪಿಎಲ್ ಕಾರ್ಡ್ ಇರೋರಿಗೆ ಆಯುಷ್ಮಾನ್ ಆರೋಗ್ಯ ಕರ್ನಾಟಕದಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ, ಕಾರ್ಡ್ ಮಾಡಿಸಿಟ್ಕೊಳ್ಳಿ.

ಕಾಗದ ಪತ್ರದ್ದೂ ಹೇಳಿಬಿಡ್ತೀನಿ. ಕೊನೇ ರೂಪಾಯಿ ಕಟ್ಟಿದ ದಿನವೇ ಬಾಕಿ ಇಲ್ಲ ಅನ್ನೋ ಪತ್ರ ಲಿಖಿತವಾಗಿ ಕೇಳಿ. ಪಹಣಿ 11ನೇ ಕಾಲಂನಲ್ಲಿ ಋಣ ಇಳಿದಿದೆಯಾ ನೋಡಿ. 2023ರ ಡಿಸೆಂಬರ್ 1ರಿಂದ ರಿಸರ್ವ್ ಬ್ಯಾಂಕ್ ನಿಯಮ ಇದೆ: ಸಾಲ ಪೂರ್ತಿ ತೀರಿದರೂ, ಇತ್ಯರ್ಥ ಆದರೂ 30 ದಿನದೊಳಗೆ ಮೂಲಪತ್ರ ವಾಪಸ್ ಕೊಟ್ಟು ಋಣಭಾರ ತೆಗೆಸಬೇಕು, ಅವರ ಕಡೆಯಿಂದ ತಡ ಆದ್ರೆ ದಿನಕ್ಕೆ 5,000 ಪರಿಹಾರ. ನನಗೆ 22ನೇ ದಿನ "ಮುಂದಿನ ವಾರ ಬನ್ನಿ" ಅಂದ್ರು. ಈ ನಿಯಮ ಬರೆದು ಅರ್ಜಿ ಕೊಟ್ಟು ಸ್ವೀಕೃತಿ ತಗೊಂಡೆ, 29ನೇ ದಿನ ಪತ್ರ ಕೈಗೆ ಬಂತು.

ಕಷ್ಟ ಇಲ್ಲ ಅಂತಲ್ಲ. ಬೀಜ, ಗೊಬ್ಬರ ಎಲ್ಲಾ ಕೈಕಾಸಲ್ಲೇ, ಅದಕ್ಕೇ ಬಿತ್ತೋದೂ ಕಡಿಮೆ. ಹೊಸ ಬೋರ್ ಆಸೆ ಬಿಟ್ಟಿದೀವಿ, ರಾಗಿ, ತೊಗರಿ ಮಳೆ ನಂಬ್ಕೊಂಡು. ಆದ್ರೆ ಬೆಳಿಗ್ಗೆ ಎದ್ದು ಹೋಗೋದು ನಮ್ಮ ಹೊಲಕ್ಕೇ.

ಮೇ ಕೊನೇ ವಾರ ಖಾತೇಲಿ ಒಬ್ಬೊಬ್ಬರಿಗೆ 456 ರೂಪಾಯಿ ಇರಲಿ, ಆ ವಾರದಲ್ಲೇ ಎರಡೂ ಕಂತು ಕಟ್ ಆಗೋದು. ಅರ್ಜಿ ನಮೂನೆ ನನ್ನ ಹತ್ರ ಇದೆ, ಬೇಕಾದೋರು ಸಂಜೆ ಹಾಲು ಹಾಕೋ ಹೊತ್ತಿಗೆ ಡೇರಿ ಹತ್ರ ಸಿಗ್ತೀನಿ.