ಕತ್ತಿ ಬಿಟ್ಟು ಕಡತ ಹಿಡಿದಾಗ

ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಡಿ ಪಳಗಿದ ತಂಡವನ್ನು ‘ಕಾಲ್ ಆಫ್ ಕ್ಥುಲು’ ಎಂಬ ಇನ್ನೊಂದು ಪಾತ್ರಾಭಿನಯದ ಆಟದ ಮುಂದೆ ಕೂರಿಸಿದರೆ ಮೊದಲ ಅರ್ಧ ಗಂಟೆ ನೋಡುವಂತಿರುತ್ತದೆ. ಹಳೆಯ ಆಟದಲ್ಲಿ ಇಪ್ಪತ್ತು ಮುಖದ ದಾಳ ದೊಡ್ಡ ಸಂಖ್ಯೆ ತೋರಿಸಿದರೆ ಹಬ್ಬ. ಇಲ್ಲಿ ನೂರರ ಲೆಕ್ಕ, ಅದೂ ಉಲ್ಟಾ: ಗ್ರಂಥಾಲಯ ಜಾಲಾಡುವ ಕೌಶಲ 60 ಇದ್ದರೆ, ದಾಳದಲ್ಲಿ 60 ಅಥವಾ ಅದಕ್ಕಿಂತ ಕಡಿಮೆ ಬೀಳಬೇಕು. 97 ಬಿದ್ದಾಗ ಅಭ್ಯಾಸಬಲದಿಂದ ಚಪ್ಪಾಳೆ ತಟ್ಟಿದವರ ಮುಖ ಮರುಕ್ಷಣ ಸಪ್ಪಗಾಗುತ್ತದೆ.

ದಾಳವಾದರೂ ಬೇಗ ಒಗ್ಗುತ್ತದೆ, ಕತ್ತಿ ಎತ್ತದೆ ಕೈ ಕಟ್ಟಿ ಕೂರುವುದು ಒಗ್ಗುವುದಿಲ್ಲ.

ಸ್ಯಾಂಡಿ ಪೀಟರ್ಸನ್ ರೂಪಿಸಿ, ಕೇಯಾಸಿಯಂ ಕಂಪನಿ 1981ರಲ್ಲಿ ಹೊರತಂದ ಈ ಆಟದ ಪಾತ್ರಗಳು ವೀರರಲ್ಲ. ಪತ್ರಕರ್ತ, ಪ್ರೊಫೆಸರ್, ಗ್ರಂಥಪಾಲಕಿಯಂಥವರು. ಭಯಾನಕವಾದದ್ದು ಕಣ್ಣಿಗೆ ಬಿದ್ದಾಗೆಲ್ಲ ಮನಸ್ಸಿನ ಸ್ವಾಸ್ಥ್ಯದ ಅಂಕಗಳು ಕರಗುವ ಅಪಾಯವಿದೆ.

ಹೊಸಬರಿಗೆ ‘ದಿ ಹಾಂಟಿಂಗ್’ ಕಥೆಯಿಂದ ಶುರು ಮಾಡಿಸುವುದು ವಾಡಿಕೆ. ನಿಯಮಗಳ ಸಾರದ ಜೊತೆ ಅದು ಪುಕ್ಕಟೆ ಸಿಗುತ್ತದೆ. 1920ರ ದಶಕದ ಬಾಸ್ಟನ್, ಬಾಡಿಗೆದಾರರು ನಿಲ್ಲದ ಒಂದು ಮನೆ, ಕಾರಣ ಪತ್ತೆ ಮಾಡಿಕೊಡಿ ಎನ್ನುವ ಮಾಲೀಕ. ಜಾಣರು ಮೊದಲು ಹಳೆಯ ಪತ್ರಿಕೆ, ಕೋರ್ಟು ದಾಖಲೆ ತಡಕುತ್ತಾರೆ. ಹಳೇ ಚಾಳಿಯವರು ನೇರ ನೆಲಮಾಳಿಗೆಗೆ ಇಳಿಯುತ್ತಾರೆ. ಅಂಥವರಿಗಾಗಿ ಆಟ ನಡೆಸುವವರು ಹೊಸ ಪಾತ್ರದ ಹಾಳೆಯೊಂದನ್ನು ಪಕ್ಕದಲ್ಲೇ ತಯಾರಿಟ್ಟುಕೊಳ್ಳುವುದು ಒಳ್ಳೆಯದು.